ಬಿಟ್ಟಿ ಪರಾಕು

ಗವಿದುರ್ಗದ ಅರಮನೆಯಲ್ಲಿ ಪರಾಕು ಹೇಳುವ ಕೆಲಸ ಕರಿಬಸಯ್ಯನದು. ಬೆಳಗಿನ ನಗಾರಿಗೆ ಶುರು, ಸಂಜೆಯ ನಗಾರಿಗೆ ಮುಗಿಯಿತು. ದೊರೆ ಹಾಲಪ್ಪನಾಯಕ ಎದ್ದರೆ, ಕೂತರೆ, ಕೊನೆಗೆ ಆಕಳಿಸಿದರೂ "ಹುಲಿಯ ಮೀಸೆ ಹಿಡಿದೆಳೆದ ಗಂಡ, ಪರಾಕ್!" ಎಂದು ಕೂಗಬೇಕು. ಆ ಹುಲಿಯನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಕರಿಬಸಯ್ಯ ವಿಚಾರಿಸಲೂ ಹೋಗಿರಲಿಲ್ಲ.

ಅರಮನೆಯ ಆಳುಕಾಳುಗಳೆಲ್ಲ ಪಾರುಪತ್ಯಗಾರ ತಿಮ್ಮರಸಯ್ಯನ ಕೈಕೆಳಗೆ. ಈ ಮಹಾನುಭಾವನಿಗೆ ಬೆಳಗಿನ ನಗಾರಿ ಚೆನ್ನಾಗಿ ಕೇಳಿಸುತ್ತಿತ್ತು, ಸಂಜೆಯದು ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ. ಒಂದು ಸಂಜೆ ಮನೆಗೆ ಹೊರಟಿದ್ದ ಕರಿಬಸಯ್ಯನನ್ನು ತಡೆದ.

"ಏನಯ್ಯಾ, ಇಷ್ಟು ಬೇಗ ಹೊರಟೆ? ಇವತ್ತಿಂದ ನನ್ನ ಮೇನೆ ಮುಂದೆ ನಮ್ಮನೆವರೆಗೂ ಪರಾಕು ಹೇಳ್ಕೊಂಡು ಬಾ."

"ನನ್ನ ಹೊತ್ತು ಮುಗೀತು, ಬುದ್ಧಿ. ಗಂಟಲೂ ಕಟ್ಟಿದೆ. ನವರಾತ್ರಿ ಒಡ್ಡೋಲಗಕ್ಕೆ ಹದಿನೈದೇ ದಿನ ಉಳಿದಿರೋದು. ಅಷ್ಟರಲ್ಲಿ ದನಿ ಹೋದರೆ ನನ್ನ ಕೆಲಸಾನೇ ಹೋಗುತ್ತೆ."

"ಗಂಟಲು ದೇವರು ಕೊಟ್ಟಿದ್ದಯ್ಯಾ, ನಿನಗೇನು ಖರ್ಚು? ಅರಮನೆ ಅಂದರೆ ನಾವೆಲ್ಲ ಒಂದೇ ಮನೆಯವರಿದ್ದ ಹಾಗೆ. ಹೊತ್ತು ನೋಡಬಾರದು, ಪ್ರೀತಿಯಿಂದ ಮಾಡಬೇಕು."

"ಸಂಬಳ?"

"ಥೂ! ಪ್ರೀತಿಗೆ ಯಾರಾದರೂ ಸಂಬಳ ಕೇಳ್ತಾರಾ?"

ಈ ಪ್ರೀತಿಯ ಪಾಠ ಹೇಳಿದವನ ಮೇನೆಯಲ್ಲಿ ಅರಮನೆಯ ಅಡುಗೆಮನೆಯ ತುಪ್ಪದ ಗಡಿಗೆಯೊಂದು ಆಗಲೇ ಹತ್ತಿ ಕೂತಿತ್ತು.

ಒಂಬತ್ತು ಸಂಜೆ ಕರಿಬಸಯ್ಯ ಬಾಯಿಮುಚ್ಚಿಕೊಂಡು ಬಾಯಿಬಡಿದುಕೊಂಡ. ಹತ್ತನೆಯ ದಿನ ಬೆಳಿಗ್ಗೆ ಹೆಂಡತಿ ಗೌರವ್ವ ಮೆಣಸಿನ ಕಷಾಯ ಮುಂದಿಟ್ಟು, "ಒಡ್ಡೋಲಗದಲ್ಲಿ ದೊರೆಗಳನ್ನ ಕೈಸನ್ನೆ ಮಾಡಿ ಹೊಗಳ್ತೀರೇನು?" ಎಂದಳು. ಅವನಿಗೆ ನಗು ಬರಲಿಲ್ಲ, ನಿಜವಾಗಿಯೂ ಭಯವಾಯಿತು.

ಆ ಸಂಜೆ ಅವನು ಮೇನೆಯ ಬಳಿ ಬಂದು ಬಹಳ ವಿನಯದಿಂದ ಕೇಳಿದ:

"ಬುದ್ಧಿ, ಇದು ಪ್ರೀತಿಯಿಂದಲೇ ಮಾಡಬೇಕಾದ ಕೆಲಸ ತಾನೇ?"

"ಮನಸಾರೆ ಹೇಳಯ್ಯಾ! ಇಡೀ ಪೇಟೆಗೆ ಕೇಳಿಸಬೇಕು."

ಪೇಟೆಯ ನಡುಮಧ್ಯೆ ಕರಿಬಸಯ್ಯ ಉಳಿದಿದ್ದ ಗಂಟಲನ್ನೆಲ್ಲ ಒಟ್ಟುಮಾಡಿ ಕೂಗಿದ.

"ಸಂಜೆಯ ನಗಾರಿಗೆ ಕಿವುಡಾಗುವ ಗಂಡ, ಪರಾಕ್! ಆಳಿನ ಗಂಟಲು ದೇವರದೆಂದು ಬಿಟ್ಟಿ ದುಡಿಸುವ ಗಂಡ, ಪರಾಕ್! ಅರಮನೆಯ ತುಪ್ಪವನ್ನು ಮೇನೆಯಲ್ಲಿ ಮೆರೆಸುವ ಗಂಡ, ಬಹು ಪರಾಕ್!"

ಅಂಗಡಿಯವರು ತಕ್ಕಡಿ ಕೆಳಗಿಟ್ಟು ನಕ್ಕರು. ಮೇನೆ ಹೊತ್ತವರಂತೂ ನಕ್ಕು ನಕ್ಕು ಹೆಗಲು ಕುಣಿಸಿದ್ದಕ್ಕೆ, ಅಂದು ಹತ್ತಿದ್ದ ಗಡಿಗೆಯ ಅರ್ಧ ತುಪ್ಪ ತಿಮ್ಮರಸಯ್ಯನ ಮಡಿಲಿಗೇ ಸುರಿಯಿತು.

ಮಾರನೆಯ ದಿನ ಇಳಿಹೊತ್ತಿನ ಓಲಗದಲ್ಲಿ ತಿಮ್ಮರಸಯ್ಯನ ದೂರು ಬಂತು.

"ಏನೋ ಕರಿಬಸಯ್ಯ, ಹೊಗಳು ಅಂದರೆ ಮಾನ ಕಳೆದೆಯಂತೆ?" ದೊರೆ ಗುಡುಗಿದ.

"ಹೊಗಳೋದು ಅರಮನೆ ಕೆಲಸ, ಮಹಾಸ್ವಾಮಿ. ಅದು ಸಂಜೆ ನಗಾರಿಗೆ ಮುಗಿಯುತ್ತೆ. ಆಮೇಲಿನದನ್ನ ಸಂಬಳವಿಲ್ಲದೆ ಪ್ರೀತಿಯಿಂದ ಮಾಡು ಅಂತ ಬುದ್ಧಿಯವರ ಅಪ್ಪಣೆ. ಪ್ರೀತಿ ಇದ್ದ ಕಡೆ ಸುಳ್ಳು ಹೇಳಬಾರದು ನೋಡಿ. ಕಂಡದ್ದನ್ನೇ ಹೇಳಿದೆ."

ದೊರೆಯ ಹುಬ್ಬು ಗಂಟಾಯಿತು. "ಹಾಗಾದರೆ ಹಗಲೆಲ್ಲ ನಮ್ಮ ಬಗ್ಗೆ ಕೂಗ್ತೀಯಲ್ಲ, ಆ ಹುಲಿ, ಆ ಮೀಸೆ?"

ಇವನ ಕತೆ ಮುಗಿಯಿತೆಂದು ತಿಮ್ಮರಸಯ್ಯ ಖುಷಿಯಿಂದ ನೆಟ್ಟಗೆ ಕೂತ.

ಕರಿಬಸಯ್ಯ ಕೈಮುಗಿದ. "ಅದಕ್ಕೆ ತಾವು ಸಂಬಳ ಕೊಡ್ತೀರಿ, ಮಹಾಸ್ವಾಮಿ."

ದೊರೆಯೇ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊದ್ದಿದ್ದ ಶಾಲು ತೆಗೆದು ಕರಿಬಸಯ್ಯನಿಗೆ ಕೊಟ್ಟು ಅಪ್ಪಣೆ ಮಾಡಿದ:

"ಇನ್ನು ಮೇಲೆ ಸಂಜೆ ನಗಾರಿಯಾದ ಮೇಲೆ ಅರಮನೆಯಲ್ಲಿ ಯಾರನ್ನೂ ತಡೆಯಬಾರದು. ತಡೆದವರ ಮೇನೆ ಮುಂದೆ ಮಾರನೇ ದಿನ ಇವನು ಹೀಗೇ ಪರಾಕು ಹೇಳ್ತಾನೆ, ಹಗಲು ಹೊತ್ತಲ್ಲೇ, ಸಂಬಳದ ಮೇಲೆ. ತಿಮ್ಮರಸಯ್ಯ, ಉಳಿದ ತುಪ್ಪ ಅಡುಗೆಮನೆಗೆ ಬರಲಿ."

ತಿಮ್ಮರಸಯ್ಯ ತಲೆ ತಗ್ಗಿಸಿದ. ದೊರೆಗೆ ಮಾತ್ರ ಒಂದು ಕುತೂಹಲ ಉಳಿದೇ ಇತ್ತು.

"ಕರಿಬಸಯ್ಯ, ಈ ಸಂಜೆ ಸ್ವಲ್ಪ ಹೊತ್ತು ನಿಂತು ನಮ್ಮ ಬಗ್ಗೆಯೂ ನಿಜವಾದ ಪರಾಕು ಹೇಳಿ ಹೋಗೋ, ಪ್ರೀತಿಯಿಂದ!"

ಅಷ್ಟರಲ್ಲಿ ಹೊರಗೆ ನಗಾರಿ ಬಡಿಯಿತು. ಕರಿಬಸಯ್ಯ ಶಾಲನ್ನು ಗಂಟಲಿಗೆ ಬೆಚ್ಚಗೆ ಸುತ್ತಿಕೊಂಡು ಅಡ್ಡಬಿದ್ದ.

"ಹೊತ್ತಾಯಿತು, ಮಹಾಸ್ವಾಮಿ. ಹುಲಿಯ ಮೀಸೆ ನಾಳೆ ಬೆಳಿಗ್ಗೆ ಬಂದು ಎಳೀತೀನಿ."