ರಾಜ್ಯಪಾಲರ ದಿಂಬಿನಡಿಯ ದೋಣಿ

"ಈ ಸೀಮೆಯಲ್ಲಿ ನಾನು ಹೂಂ ಅನ್ನದೆ ಒಂದು ಹುಲ್ಲುಕಡ್ಡಿಯೂ ಅಲುಗಾಡೋದಿಲ್ಲ" ಎಂದು ರಾಜ್ಯಪಾಲ ಉಗ್ರಪ್ಪನಾಯಕರು ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ಊಟಕ್ಕೆ ಮೊದಲು ಒಂದು ಸಲ, ಊಟವಾದ ಮೇಲೆ ಎರಡು ಸಲ.

ಕೆಂಚನಹೊಳೆ ಸೀಮೆಯ ಜನ ಕೇಳಿ ಕೇಳಿ ಸುಸ್ತಾಗಿದ್ದರು.

ಆ ದೇಶದಲ್ಲಿ ಇಂಥ ಸೀಮೆಗಳು ಏಳು. ಸೈನ್ಯ, ನಾಣ್ಯ ಎಲ್ಲ ರಾಜಧಾನಿಯ ಮಹಾಸಭೆಯ ಪಾಲು. ಕೆರೆ, ಶಾಲೆ, ಸಂತೆ, ದೋಣಿ ಆಯಾ ಸೀಮೆಯ ಸಭೆಯ ಪಾಲು. ಆ ಸಭೆಗೆ ಜನರೇ ಸದಸ್ಯರನ್ನು ಆರಿಸಿ ಕಳಿಸುತ್ತಿದ್ದರು. ಅಲ್ಲಿ ಹೆಚ್ಚು ಸದಸ್ಯರು ಯಾರ ಹಿಂದೆ ನಿಲ್ಲುತ್ತಾರೋ ಅವನೇ ಮುಖ್ಯಮಂತ್ರಿ. ಇನ್ನು ರಾಜನ ಹೆಸರು ಹೇಳಿಕೊಂಡು ಸೀಮೆಗೊಬ್ಬ ರಾಜ್ಯಪಾಲ. ಸಭೆ ಒಪ್ಪಿದ ಹಾಳೆಗೆ ಮುದ್ರೆ ಒತ್ತುವುದು, ವರ್ಷಕ್ಕೊಮ್ಮೆ ಮಂತ್ರಿಗಳು ಬರೆದುಕೊಟ್ಟ ಭಾಷಣ ಓದುವುದು, ಅಷ್ಟೇ ಅವನ ಕೆಲಸ. ಓದುವಾಗ ಒಂದಕ್ಷರ ಬಿಡುವಂತಿಲ್ಲ, ಮುಗಿಯುವ ತನಕ ಕೂರುವಂತಿಲ್ಲ. ಭಾರೀ ಕಷ್ಟದ ಕೆಲಸವೇನಲ್ಲ ಬಿಡಿ. ಆದರೆ ಕುರ್ಚಿ ಮಾತ್ರ ಬಹಳ ಎತ್ತರ, ಅದರ ಮೇಲೆ ಕೂತವರಿಗೆ ತಲೆ ತಿರುಗುತ್ತಿತ್ತು.

ಕೆಂಚನಹೊಳೆಗೊಂದು ದೊಡ್ಡ ದೋಣಿ ಬೇಕೆಂದು ಸಭೆ ಒಪ್ಪಿ ಮೂರು ತಿಂಗಳಾಗಿತ್ತು. ಆ ಹಾಳೆಯನ್ನು ಉಗ್ರಪ್ಪನಾಯಕರು ತಮ್ಮ ದಿಂಬಿನಡಿ ಇಟ್ಟುಕೊಂಡಿದ್ದರು. ಮಳೆಗಾಲಕ್ಕೆ ಹದಿನೈದೇ ದಿನ. ಹೊಳೆ ತುಂಬಿದರೆ ಯಾರೂ ಆಚೆ ದಡ ಮುಟ್ಟುವಂತಿಲ್ಲ. ಮುಖ್ಯಮಂತ್ರಿ ಓಬಳಯ್ಯನ ಒಬ್ಬಳೇ ಮಗಳು ಆಚೆ ದಡದಲ್ಲಿ ತುಂಬುಗರ್ಭಿಣಿ. ಸೂಲಗಿತ್ತಿ ಚೌಡಮ್ಮ ಇರುವುದು ಈಚೆ ದಡದಲ್ಲಿ. ಓಬಳಯ್ಯನಿಗೆ ಅನ್ನ ಸೇರುತ್ತಿರಲಿಲ್ಲ.

ರಾಜ್ಯಪಾಲರ ಬಳಿ ಹೋಗಿ ಕೈಮುಗಿದ. "ಸ್ವಾಮಿ, ದೋಣಿ ಹಾಳೆಗೆ ಒಂದು ಮುದ್ರೆ."

"ಒತ್ತೋಣ. ಆದರೆ ಈ ಸೀಮೆ ಆಳುವವನು ನಾನೊಬ್ಬನೇ ಅಂತ ರಾಜರ ಎದುರಿಗೆ, ತುಂಬಿದ ಸಭೆಯಲ್ಲಿ ನೀವು ಒಪ್ಪಬೇಕು. ಏನಯ್ಯಾ, ಆಗುತ್ತಾ?"

ಓಬಳಯ್ಯ ಕಿವಿ ಕೆರೆದುಕೊಂಡ. "ಆಗದೆ ಏನು ಸ್ವಾಮಿ. ಭಾಷಣದಲ್ಲೇ ಬರೆದುಬಿಡ್ತೀನಿ. ನೀವೇ ನಿಮ್ಮ ಬಾಯಲ್ಲೇ ಓದಿ."

ಭಾಷಣ ಬಂತು. ಮೊದಲ ಹಾಳೆ ನೋಡಿದ ಉಗ್ರಪ್ಪನಾಯಕರಿಗೆ ಎಷ್ಟು ಖುಷಿಯಾಯಿತೆಂದರೆ, ಕನ್ನಡಿಯ ಮುಂದೆ ಅದನ್ನೇ ಇಪ್ಪತ್ತು ಸಲ ಓದಿ, ಮೀಸೆ ತಿರುವಿ, ಎರಡನೆಯ ಹಾಳೆ ತಿರುವುವುದನ್ನೇ ಮರೆತರು.

ಭಾಷಣದ ದಿನ ಸೋಮಭೂಪ ರಾಜ ತನ್ನ ಪ್ರಧಾನಿಯೊಂದಿಗೆ ಬಂದು ಕೂತ. ಸಭೆ ಕಿಕ್ಕಿರಿದಿತ್ತು. ಉಗ್ರಪ್ಪನಾಯಕರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

"ಈ ಸೀಮೆಯನ್ನು ಆಳುವವನು ನಾನೊಬ್ಬನೇ. ಮುಖ್ಯಮಂತ್ರಿ ಲೆಕ್ಕಕ್ಕಿಲ್ಲ. ನಾನು ಹೂಂ ಅನ್ನದೆ ಇಲ್ಲಿ ಹುಲ್ಲುಕಡ್ಡಿಯೂ ಅಲುಗಾಡುವುದಿಲ್ಲ."

ಅಲ್ಲಿಗೆ ಮೊದಲ ಹಾಳೆ ಮುಗಿಯಿತು. ಎರಡನೆಯದನ್ನು ತಿರುವಿದರು.

"ಆದ್ದರಿಂದ ಸಂತೆಬೀದಿಯ ಚರಂಡಿ ನಾರುತ್ತಿರುವುದು ನನ್ನಿಂದ. ಶಾಲೆಯ ಮಾಡು ಸೋರುವುದೂ ನನ್ನಿಂದ. ಹೋದ ವರ್ಷ ಕೆಂಚನಹೊಳೆಯಲ್ಲಿ ಮದುವೆ ದಿಬ್ಬಣ ಮೂರು ದಿನ ಸಿಕ್ಕಿಬಿದ್ದು, ವರ ಈಚೆಗೆ, ವಧು ಆಚೆಗೆ, ಹೋಳಿಗೆಯೆಲ್ಲ ಬೂಷ್ಟು ಹಿಡಿದದ್ದು…" ದನಿ ಸಣ್ಣಗಾಯಿತು. "…ಅದೂ ನನ್ನಿಂದಲೇ."

ಸಭೆ ಗೊಳ್ಳೆಂದಿತು. ಉಗ್ರಪ್ಪನಾಯಕರು ಕೂರಲು ಹೋದರು.

"ಇನ್ನೂ ನಲವತ್ತು ಹಾಳೆ ಇದೆ ಸ್ವಾಮಿ. ಮುಗಿಯೋ ತನಕ ಕೂರೋ ಹಾಗಿಲ್ಲ" ಎಂದ ಓಬಳಯ್ಯ ಬಹಳ ವಿನಯದಿಂದ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಚೌಡಮ್ಮ ಎದ್ದಳು. ಸೂಲಗಿತ್ತಿಯಾದರೂ ಆಕೆ ಹೊಳೆಬದಿಯ ಜನ ಆರಿಸಿ ಕಳಿಸಿದ ಸದಸ್ಯೆ. ಸೀಮೆ ಆಳುವವರನ್ನು ಸದಸ್ಯರು ಏನು ಬೇಕಾದರೂ ಕೇಳಬಹುದು, ಅವರು ಎದ್ದುನಿಂತು ಉತ್ತರ ಹೇಳಲೇಬೇಕು, ಅದು ಅಲ್ಲಿಯ ಪದ್ಧತಿ.

"ನೀವೇ ಆಳೋರು ಅಂತ ಈಗಷ್ಟೇ ಓದಿದ್ರಲ್ಲಪ್ಪಾ, ಬಹಳ ಸಂತೋಷ. ನಮ್ಮೂರ ಬಾವಿಗೆ ರಾಟೆ ಯಾವಾಗ ಹಾಕಿಸ್ತೀರಿ?"

"ಯಾವ ಬಾವಿ?"

"ಬಾವೀನೇ ಗೊತ್ತಿಲ್ವಾ? ಹೋಗಲಿ. ದನದ ಆಸ್ಪತ್ರೆಗೆ ವೈದ್ಯರು ಬಂದು ಎಷ್ಟು ದಿನ ಆಯ್ತು?"

ಉಗ್ರಪ್ಪನಾಯಕರ ಪೇಟ ಬೆವರಿಗೆ ನೆನೆಯಿತು. ಅವಳ ಹಿಂದೆ ಇನ್ನೂ ಮೂವತ್ತು ಜನ ಎದ್ದು ನಿಂತಿದ್ದರು. ಒಬ್ಬನ ಕೈಯಲ್ಲಂತೂ ಸಾಕ್ಷಿಗೆಂದು ಸೋರುವ ಹೆಂಚೇ ಇತ್ತು.

"ನನ್ನನ್ನೇಕೆ ಕೇಳ್ತೀರಿ?" ಎಂದು ಅವರು ಕೂಗಿದರು. "ಆಳುವವನು ಓಬಳಯ್ಯ. ಏನಿದ್ದರೂ ಅವನನ್ನೇ ಕೇಳಿ. ನನ್ನದು ಬರೀ ಮುದ್ರೆ."

ಓಬಳಯ್ಯ ಕೈಮುಗಿದ. "ಹಾಗಾದರೆ ಸ್ವಾಮಿ, ಆ ಮುದ್ರೆಗೆ ಕಾಯುತ್ತಿರೋ ಹಾಳೆ ನಿಮ್ಮ ದಿಂಬಿನಡಿ ಏನು ಮಾಡ್ತಿದೆ?"

ಆಳುಗಳು ಓಡಿದರು. ಹಾಳೆ ಎಲ್ಲಿದೆ ಎಂದು ಹುಡುಕುವ ತಾಳ್ಮೆಯಿಲ್ಲದೆ ಹಾಸಿಗೆ, ದಿಂಬು ಎಲ್ಲವನ್ನೂ ಸಭೆಗೇ ಹೊತ್ತು ತಂದರು. ತಲೆಯೆಣ್ಣೆಯ ಕಲೆ ಬಿದ್ದ ಆ ಹಾಳೆಗೆ ಉಗ್ರಪ್ಪನಾಯಕರು ಮುದ್ರೆಯನ್ನು ಒಂದಲ್ಲ, ಅವಸರಕ್ಕೆ ಮೂರು ಸಲ ಒತ್ತಿದರು.

ರಾಜ ಪ್ರಧಾನಿಯ ಕಡೆ ಬಾಗಿ ಮೆಲ್ಲಗೆ ಕೇಳಿದ. "ನಗಬಹುದೇ?"

"ಮಂತ್ರಿಮಂಡಲದ ಅಭ್ಯಂತರವಿಲ್ಲ ಪ್ರಭು."

ಆಗ ರಾಜ ಕಿರೀಟ ಜಾರುವ ಹಾಗೆ ನಕ್ಕ. ಕಣ್ಣೊರೆಸಿಕೊಂಡು, "ಓಬಳಯ್ಯ, ಏನು ಬೇಕೋ ಕೇಳು" ಎಂದ.

"ಹೊಸ ದೋಣಿಗೆ ರಾಜ್ಯಪಾಲರ ಹೆಸರಿಡಲು ಅಪ್ಪಣೆಯಾಗಬೇಕು ಪ್ರಭು."

"ನಿನ್ನನ್ನು ಇಷ್ಟು ಗೋಳಾಡಿಸಿದವರ ಹೆಸರೇ?"

"ಹುಟ್ಟು ಹಾಕೋರು ನಾವು, ಹೆಸರು ಅವರದು. ಈ ಸೀಮೆ ನಡೆಯೋದೇ ಹಾಗಲ್ಲವೇ ಪ್ರಭು?"

ಹೊಳೆ ತುಂಬಿದ ಮೂರನೆಯ ದಿನ ಓಬಳಯ್ಯನ ಮಗಳಿಗೆ ನೋವು ಶುರುವಾಯಿತು. ಚೌಡಮ್ಮ ಎಲೆಅಡಿಕೆ ಜಗಿಯುತ್ತ, ಉಗ್ರಪ್ಪನಾಯಕದ ಮೇಲೆ ಆರಾಮಾಗಿ ಕೂತು ಆಚೆ ದಡಕ್ಕೆ ಹೋದಳು.