ಕವರು ತೆಗೆಯದ ಬೊಂಬೆ

ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ಬಡಿಯುವಂತೆ ಮಾಡುವುದು ಹೇಗೆಂದು ಜನರಿಗೆ ಕಲಿಸಲು ಸಂಘದವರು ಒಂದು ರಬ್ಬರ್ ಬೊಂಬೆ ತರಿಸಿದ್ದರು. ಕೊಳೆಯಾದೀತೆಂದು ಕಾರ್ಯದರ್ಶಿ ಸಿದ್ರಾಮಪ್ಪನವರು ಅದರ ಪ್ಲಾಸ್ಟಿಕ್ ಕವರನ್ನೇ ತೆಗೆಸಿರಲಿಲ್ಲ. ಪ್ರತಿ ಶಿಬಿರದಲ್ಲೂ ಅದನ್ನು ಮೇಜಿನ ಮೇಲೆ ಮಲಗಿಸಿ, "ಯಾರೂ ಮುಟ್ಟಬೇಡಿ, ನೋಡಿ ಕಲಿಯಿರಿ" ಎನ್ನುತ್ತಿದ್ದರು. ಬೊಂಬೆಗೆ ಒಳಗೆ ಉಸಿರು ಕಟ್ಟುತ್ತಿತ್ತು, ಮರ್ಯಾದೆಗಂಜಿ ಸುಮ್ಮನಿತ್ತು.

ಒಂದು ಶಿಬಿರದ ದಿನ ಪ್ರೊಜೆಕ್ಟರ್ ಅದನ್ನು ಹಂಗಿಸಿತು. "ನನ್ನ ಬೆಳಕಿನಲ್ಲಿ ಊರಿಗೆ ಊರೇ ಕಲಿತಿದೆ. ನೀನು ಒಬ್ಬರಿಗಾದರೂ ಕಲಿಸಿದ್ದೀಯಾ?"

"ನನ್ನ ಎದೆ ಮೇಲೆ ಒಬ್ಬರಾದರೂ ಕೈ ಇಟ್ಟಿದ್ದರೆ ಕಲಿಸುತ್ತಿದ್ದೆ," ಎಂದಿತು ಬೊಂಬೆ.

"ಕೈಗೇನು ಗೊತ್ತು? ಕಲಿಯುವುದು ಕಣ್ಣು," ಎಂದು ಗೋಡೆಯ ಚಾರ್ಟು ತೀರ್ಪು ಕೊಟ್ಟಿತು.

ಅಂದೇ ವಂದನಾರ್ಪಣೆ ಮಾಡುತ್ತಿದ್ದ ಸಿದ್ರಾಮಪ್ಪನವರು ಎದೆ ಹಿಡಿದುಕೊಂಡು ಕುಸಿದರು. ಉಸಿರು ನಿಂತಿತು. ಪ್ರೊಜೆಕ್ಟರ್ ಗಾಬರಿಯಿಂದ ಚಿತ್ರ ತೋರಿಸಿತು. "ಎದೆಯ ನಡುವೆ ಜೋರಾಗಿ ಒತ್ತಬೇಕು" ಎಂದು ಸಭೆಯೆಲ್ಲ ಒಕ್ಕೊರಲಿನಿಂದ ಓದಿತು. ಒಬ್ಬರು ಸನ್ಮಾನದ ಶಾಲಿನಿಂದ ಗಾಳಿ ಹಾಕಿದರು, ಇನ್ನೊಬ್ಬರು ಸೋಡಾ ತರಲು ಓಡಿದರು. ಮುಂದಿನ ಸಾಲಿನ ಗಂಗಾಂಬಿಕಮ್ಮ ಎದ್ದು ಬಂದು ಕೈ ಚಾಚಿದರು. ಗರಿಗರಿ ಇಸ್ತ್ರಿಯ ಬಿಳಿ ಜುಬ್ಬಾ ಕಂಡು, ಕೊಳೆಯಾದೀತೆಂದು ಕೈ ಹಿಂದಕ್ಕೆಳೆದುಕೊಂಡರು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

"ಇಷ್ಟು ಜನ ಕಲಿತೂ ಹೀಗಾಯಿತಲ್ಲ," ಎಂದು ಪ್ರೊಜೆಕ್ಟರ್ ಮರುಗಿತು.

"ಅವರನ್ನು ಯಾಕೆ ದೂರುತ್ತೀಯ? ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದಾರೆ," ಎಂದಿತು ಬೊಂಬೆ, ಕವರಿನೊಳಗಿಂದ. "ಯಾರೂ ಮುಟ್ಟಲಿಲ್ಲ. ಎಲ್ಲರೂ ನೋಡಿದರು."