ಪಕ್ಕದಲ್ಲಿಟ್ಟು ನೋಡಿದ ವ್ಯಾಪಾರಿ

“ಎರಡು ಮನೆಯ ಹೆಣ್ಣು ನೋಡಿ ಬಂದಿದ್ದೇನೆ, ಗುರುಗಳೇ. ನಾಳೆ ಒಂದು ಮನೆಗೆ ಒಪ್ಪಿಗೆ ಹೇಳಬೇಕು. ಇಬ್ಬರಲ್ಲಿ ಯಾರು ಹೆಚ್ಚು ಚೆಂದ ಎಂದು ತೀರ್ಮಾನಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಸೀರೆ ವ್ಯಾಪಾರಿ ಇದ್ದ. ಅವನ ಅಂಗಡಿಯಲ್ಲಿ ಒಂದು ಪದ್ಧತಿ. ಮೊದಲು ಮಂಕು ಬಣ್ಣದ ಸೀರೆಯೊಂದನ್ನು ಬಿಚ್ಚುವುದು. ಗಿರಾಕಿ ಮೂಗು ಮುರಿದ ಮೇಲೆ, ಮಾರಬೇಕಾದ ಸೀರೆಯನ್ನು ಅದರ ಪಕ್ಕದಲ್ಲಿ ಹರಡುವುದು. ಅದಕ್ಕಿಂತ ಇದು ವಾಸಿ ಎಂದು ಗಿರಾಕಿಯೇ ಹೇಳುವಳು. ವ್ಯಾಪಾರ ಕುದುರುವುದು. ಹೀಗೆ ಮಾರಿ ಮಾರಿ, ಯಾವುದನ್ನೂ ಅದೊಂದನ್ನೇ ನೋಡುವ ರೂಢಿ ಅವನ ಕಣ್ಣಿಗೆ ತಪ್ಪಿಹೋಗಿತ್ತು.

ಅವನು ಹಿರಿಯ ಮಗನಿಗೆ ಹೆಣ್ಣು ನೋಡಲು, ಇಬ್ಬರು ಹೆಣ್ಣುಮಕ್ಕಳಿದ್ದ ಒಬ್ಬ ನೇಕಾರನ ಮನೆಗೆ ಹೋದ. ಈ ಸಂಬಂಧ ಕೂಡಿಬಂದರೆ ಸಾಕೆಂದು ಎರಡೂ ಕಡೆ ಆಸೆಯಿತ್ತು. ಅಕ್ಕನನ್ನು ತೋರಿಸುವ ದಿನ ತಂಗಿ ಹೊರಗೆ ಬರಬಾರದೆಂಬುದು ಅಲ್ಲಿನ ವಾಡಿಕೆ. ಆದರೆ ಅಂದು ತಾಯಿ ಒಲೆಯ ಮುಂದಿದ್ದಳು. ಬಂದವರಿಗೆ ನೀರಿನ ಚೊಂಬನ್ನು ತಂಗಿಯೇ ತಂದಳು.

ವ್ಯಾಪಾರಿ ಇಬ್ಬರನ್ನೂ ನೋಡಿದ. “ಅಕ್ಕನಿಗಿಂತ ತಂಗಿ ಲಕ್ಷಣವಾಗಿದ್ದಾಳೆ. ಇವಳನ್ನೇ ಕೊಡಿ, ಇವತ್ತೇ ತಾಂಬೂಲ ಬದಲಾಯಿಸೋಣ” ಎಂದ.

ನೇಕಾರ ತಲೆ ತಗ್ಗಿಸಿದ. ಬಂದ ಸಂಬಂಧವನ್ನು ಬಿಡುವ ಹಾಗಿಲ್ಲ, ಹಿರಿಯವಳನ್ನು ಕೂರಿಸಿಕೊಂಡು ಕಿರಿಯವಳನ್ನು ಕೊಡುವ ಹಾಗೂ ಇಲ್ಲ.

ತಂಗಿ ಚೊಂಬು ಕೆಳಗಿಟ್ಟಳು. “ನೀವು ಮೊದಲು ಬಿಚ್ಚಿ ತೋರಿಸುವ ಸೀರೆಯನ್ನು ನೇಯ್ದವರೂ ನಾವೇ, ಯಜಮಾನರೇ. ನಾಳೆ ನನಗೊಬ್ಬ ಓರಗಿತ್ತಿ ಬಂದರೆ ಆ ಸೀರೆಯ ಗತಿಯೇ ನನಗೂ ತಾನೇ?”

ವ್ಯಾಪಾರಿ ಕೂತಲ್ಲಿಂದ ಎದ್ದ. ಅಕ್ಕನ ಕಡೆ ತಿರುಗಿ ತಪ್ಪಾಯಿತೆಂದ. ಆಕೆಗೆ ಸಿಟ್ಟು ಬಂದಿರಲಿಲ್ಲ.

“ಅವಳು ಚೆಂದ ಅಂತ ನೀವೇನು ಹೊಸದಾಗಿ ಕಂಡಿರಾ? ಕೂಸಾಗಿದ್ದಾಗ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಕೇರಿಗೆಲ್ಲ ತೋರಿಸಿ ಬಂದವಳು ನಾನು” ಎಂದು ನಕ್ಕಳು.

ಆಗ ವ್ಯಾಪಾರಿ ಆಕೆಯೊಬ್ಬಳನ್ನೇ ನೋಡಿದ. ನಡುಮನೆಯಲ್ಲಿ ಬೇರೆ ಯಾರೂ ಇಲ್ಲವೆಂಬಂತೆ ನೋಡಿದ. ಒಪ್ಪಿಗೆಯಿದ್ದರೆ ನಮ್ಮ ಮನೆ ತುಂಬಬೇಕು ತಾಯಿ ಎಂದು ಆಕೆಯನ್ನೇ ಕೇಳಿಕೊಂಡ. ಆಕೆ ತಂಗಿಯ ಮುಖ ನೋಡಿ, ಒಪ್ಪಿದಳು.

ವ್ಯಾಪಾರಿ ಯಾರಿಗೂ ಏನನ್ನೂ ಪುಕ್ಕಟೆ ಕೊಟ್ಟವನಲ್ಲ. ಆದರೆ ತನ್ನ ಬಾಯಿ ಮುಚ್ಚಿಸಿದ ಆ ತಂಗಿಗೆ, ತಾನು ಬದುಕಿರುವವರೆಗೂ ವರ್ಷಕ್ಕೊಂದು ಸೀರೆ ಕಳಿಸಿದ. ಅದನ್ನು ಅವನು ಪಕ್ಕದಲ್ಲಿ ಇನ್ನೊಂದನ್ನು ಹರಡದೆ ಆರಿಸುತ್ತಿದ್ದ.

ಶಿಷ್ಯ ಇಷ್ಟಕ್ಕೆ ಬಿಡಲಿಲ್ಲ. “ಕತೆಯೇನೋ ಸರಿ. ಆದರೂ ನಿಜ ಹೇಳಿ, ಅಕ್ಕನಿಗಿಂತ ತಂಗಿಯೇ ಚೆಂದವಿದ್ದಳಲ್ಲವೇ?”

“ಅದನ್ನು ನಾನು ಹೇಳಲಾರೆನಪ್ಪ, ಆ ವ್ಯಾಪಾರದಲ್ಲಿ ಬಂದ ಲಾಭ ನಾನು, ಅಕ್ಕ ನನ್ನ ಹೆತ್ತ ತಾಯಿ” ಎಂದರು ಗುರುಗಳು.